ಎರಡು ಸಲ ಬರೆದ ಇಪ್ಪತ್ತು ಮೋಟಾರು

ಕಂಪ್ಯೂಟರಿನಲ್ಲಿ ಸರಕು ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಗೋಡೌನಿನ ಲೆಕ್ಕ ಬರೆಯುವ ಕೆಲಸಕ್ಕೆ ಸೇರುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ. ಸಾಫ್ಟ್‌ವೇರು ಬಂದ ಮೊದಲ ವರ್ಷ, ಯಲಹಂಕದ ಗೋಡೌನಿನಲ್ಲಿ ಮೈನಸ್ ಹದಿನಾಲ್ಕು ಪಂಪುಗಳಿವೆ ಎಂದು ಪ್ರಿಂಟ್ ತೆಗೆದು ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಲಲಿತಮ್ಮ, ಇಲ್ದೇ ಇರೋ ಪಂಪ್‌ನ ಯಾರಿಗ್ ಮಾರಿದ್ರಿ?" ಎಂದು ಕೇಳಿದರು. ನಗುತ್ತಲೇ ಕೇಳಿದರು. ಆಫೀಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನಮ್ಮದು ಬೋರ್‌ವೆಲ್ ಪಂಪು, ಮೋಟಾರು, ಕೇಬಲ್, ಪೈಪುಗಳ ಸಗಟು ವ್ಯಾಪಾರ. ಯಶವಂತಪುರದಲ್ಲಿ ಆಫೀಸು, ಅದರ ಹಿಂದೆಯೇ ದೊಡ್ಡ ಗೋಡೌನು. ಯಲಹಂಕದ ಹಳೇ ಊರಿನಲ್ಲಿ ಎರಡನೆಯದು. 2008ರಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ರಸ್ತೆಯುದ್ದಕ್ಕೂ ಲೇಔಟುಗಳು ಎದ್ದವು. ಲೇಔಟು ಎದ್ದಲ್ಲೆಲ್ಲ ಬೋರ್‌ವೆಲ್ ಕೊರೆದರು. ಮಾಲೀಕರು ಚಿಕ್ಕಜಾಲದಲ್ಲಿ ಶೀಟು ಹೊದಿಸಿದ ಮೂರನೆಯ ಗೋಡೌನು ಬಾಡಿಗೆಗೆ ಹಿಡಿದರು. ಮೂರು ಕಡೆಯ ಸರಕು ಒಂದೇ ಲೆಡ್ಜರಿನಲ್ಲಿ ನಿಲ್ಲುವುದಿಲ್ಲವೆಂದು ಸಣ್ಣ ವ್ಯಾಪಾರಿಗಳಿಗಾಗಿಯೇ ಮಾಡಿದ ಲೆಕ್ಕದ ಸಾಫ್ಟ್‌ವೇರು ತರಿಸಿದರು. ಅದುವರೆಗೆ ಕೈಯಲ್ಲಿ ಲೆಡ್ಜರು ಬರೆಯುತ್ತಿದ್ದ ನನ್ನನ್ನೇ ಅದರ ಮುಂದೆ ಕೂರಿಸಿದರು.

ಆ ಸಾಫ್ಟ್‌ವೇರಿನಲ್ಲಿ ಪ್ರತಿ ಎಂಟ್ರಿಗೂ ಯಾವ ಗೋಡೌನು ಎಂದು ಆರಿಸಬೇಕು. ಆರಿಸದೆ ಎಂಟರ್ ಒತ್ತಿಬಿಟ್ಟರೆ ಅದು ತಾನಾಗಿಯೇ ಪಟ್ಟಿಯ ಮೊದಲ ಹೆಸರಿಗೆ ಹಾಕಿಕೊಳ್ಳುತ್ತದೆ. ಕಂಪನಿಯಿಂದ ಬಂದ ಸರಕೆಲ್ಲ ಯಶವಂತಪುರದ ಹೆಸರಿಗೆ ಹೋಗುತ್ತಿತ್ತು, ಯಲಹಂಕದಿಂದ ಮಾರಿದ್ದು ಯಲಹಂಕದಲ್ಲಿ ಕಳೆಯುತ್ತಿತ್ತು. ಮೈನಸ್ ಹದಿನಾಲ್ಕು ಬಂದದ್ದು ಹೀಗೆ. ಕೇಬಲ್ಲಿನದು ಇನ್ನೊಂದು ಕಥೆ. ಅದನ್ನು ಕೊಳ್ಳುವಾಗ ಸುರುಳಿಯ ಲೆಕ್ಕ, ಮಾರುವಾಗ ಮೀಟರಿನ ಲೆಕ್ಕ. ಒಂದು ಸುರುಳಿಗೆ ಎಷ್ಟು ಮೀಟರು ಎಂದು ಯಂತ್ರಕ್ಕೆ ತಿಳಿಸುವುದನ್ನು ಮರೆತಿದ್ದೆ. ಎರಡು ತಿಂಗಳು ನಮ್ಮಲ್ಲಿ ಕೇಬಲ್ಲು ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಇವೆಲ್ಲ ನಗುವ ತಪ್ಪುಗಳು ಎಂದುಕೊಂಡಿದ್ದೆ. ಒಂದು ಬೇಸಿಗೆಯಲ್ಲಿ ಹೆಸರಘಟ್ಟದ ಕಡೆಯಿಂದ ಹಸು ಸಾಕಿದವರೊಬ್ಬರು ಫೋನ್ ಮಾಡಿದರು. ಮೋಟಾರು ಸುಟ್ಟುಹೋಗಿದೆ, ಏಳೂವರೆ ಎಚ್‌ಪಿಯದು ಬೇಕು ಎಂದರು. ಪರದೆ ನೋಡಿ ಯಲಹಂಕದಲ್ಲಿ ಆರು ಇವೆ ಎಂದೆ. ಅವರು ಗಾಡಿ ಮಾಡಿಕೊಂಡು ಯಲಹಂಕಕ್ಕೆ ಬಂದರು. ಅಲ್ಲಿ ಒಂದೂ ಇರಲಿಲ್ಲ. ಆರೂ ಚಿಕ್ಕಜಾಲದಲ್ಲಿದ್ದವು. ಚಿಕ್ಕಜಾಲಕ್ಕೆ ಹೋಗುವಷ್ಟರಲ್ಲಿ ಅಲ್ಲಿಯವನು ಊಟಕ್ಕೆ ಬೀಗ ಹಾಕಿ ಹೋಗಿದ್ದ. ಸಂಜೆ ಅವರು ಮತ್ತೆ ಫೋನ್ ಮಾಡಿ, ಮೂವತ್ತು ಹಸು ಬೆಳಗಿನಿಂದ ನೀರಿಲ್ಲದೆ ನಿಂತಿವೆ, ಇಲ್ಲ ಅಂದಿದ್ದರೆ ನೆಲಮಂಗಲದಲ್ಲೇ ತಗೋತಿದ್ದೆ ಎಂದರು. ಬೈಯಲಿಲ್ಲ. ನಾನು ಕ್ಷಮೆ ಕೇಳಿ ಫೋನಿಟ್ಟೆ. ಮಾರನೆಯ ದಿನದಿಂದ ಗೋಡೌನಿನ ಹೆಸರನ್ನು ಎರಡೆರಡು ಸಲ ನೋಡಿ ಒತ್ತುವ ಅಭ್ಯಾಸ ಮಾಡಿಕೊಂಡೆ. ಕೆಲಸ ಕಲಿತೆ ಎಂದೂ ಅನ್ನಿಸಿತು. ಮೂರು ನಾಲ್ಕು ವರ್ಷದಲ್ಲಿ ಲಲಿತಮ್ಮನ ಲೆಕ್ಕ ಎಂದರೆ ಆಫೀಸಿನಲ್ಲಿ ಒಂದು ಮಾತಾಯಿತು. ಮಾಲೀಕರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಹೊಗಳಿಕೆ ನನಗೆ ಎಷ್ಟು ರುಚಿಸಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಚಿಕ್ಕಜಾಲದ ಗೋಡೌನು ನೋಡಿಕೊಳ್ಳುತ್ತಿದ್ದವನು ಬಸವರಾಜ. ಬಾಗಲಕೋಟೆ ಕಡೆಯವನು, ಮೂವತ್ತೈದರ ಆಸುಪಾಸು. ಸರಕು ಜೋಡಿಸುವುದರಲ್ಲಿ ಅವನಷ್ಟು ಅಚ್ಚುಕಟ್ಟು ಮನುಷ್ಯನನ್ನು ನಾನು ನೋಡಿಲ್ಲ. ಮೋಟಾರಿನ ಪೆಟ್ಟಿಗೆಗಳನ್ನು ಐದೈದರ ಸಾಲಿನಲ್ಲಿ ನಿಲ್ಲಿಸುತ್ತಿದ್ದ, ಎಣಿಸುವವರು ಬಾಗಿಲಲ್ಲೇ ನಿಂತು ಎಣಿಸಬಹುದಿತ್ತು. ಒಳಬಂದದ್ದು, ಹೊರಹೋದದ್ದನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು, ಸರಕು ತಂದ ಡ್ರೈವರಿನ ಸಹಿ ಹಾಕಿಸಿಕೊಳ್ಳುತ್ತಿದ್ದ. ನನ್ನನ್ನು ಅಕ್ಕಾರ ಎನ್ನುತ್ತಿದ್ದ.

ಯಶವಂತಪುರದಿಂದ ಚಿಕ್ಕಜಾಲಕ್ಕೆ ಸರಕು ಸಾಗಿಸುತ್ತಿದ್ದದ್ದು ಮುನಿರಾಜುವಿನ ಟೆಂಪೋ. ಅವನು ಚಿಕ್ಕಜಾಲದವನೇ. ಅವನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಸವರಾಜ ಹೆಂಡತಿಯೊಂದಿಗೆ ಬಾಡಿಗೆಗಿದ್ದ. ಬಾಡಿಗೆ ಎನ್ನುವುದು ಹೆಸರಿಗೆ. ಎರಡೂ ಮನೆಯವರು ಒಂದೇ ಒಲೆಯವರಂತೆ ಇದ್ದರು. ಹಬ್ಬಕ್ಕೆ ಇವರ ಮನೆಯ ಸಜ್ಜೆರೊಟ್ಟಿ ಅಲ್ಲಿಗೆ, ಅವರ ಮನೆಯ ಅವರೆಕಾಳಿನ ಸಾರು ಇಲ್ಲಿಗೆ. ನಾನು ಸ್ಟಾಕ್ ಎಣಿಸಲು ಹೋದಾಗ ಎರಡು ಮನೆಯ ಊಟವನ್ನೂ ಉಂಡಿದ್ದೇನೆ.

ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಯಶವಂತಪುರದಿಂದ ಇಪ್ಪತ್ತು ಮೋಟಾರು ಚಿಕ್ಕಜಾಲಕ್ಕೆ ಹೋದವು. ಒಂದು ಗೋಡೌನಿನಿಂದ ಇನ್ನೊಂದಕ್ಕೆ ಸರಕು ಹೋದರೆ ಸಾಫ್ಟ್‌ವೇರಿನಲ್ಲಿ ವರ್ಗಾವಣೆಯ ಎಂಟ್ರಿ ಹಾಕಬೇಕು. ಕಳಿಸಿದ ಗೋಡೌನಿನಲ್ಲಿ ಇಪ್ಪತ್ತು ಕಳೆಯುತ್ತದೆ, ತಲುಪಿದ ಗೋಡೌನಿನಲ್ಲಿ ಇಪ್ಪತ್ತು ಕೂಡುತ್ತದೆ. ನಾನು ಎಂಟ್ರಿ ಹಾಕಿ ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಯುಪಿಎಸ್ಸಿನ ಬ್ಯಾಟರಿ ಕೆಟ್ಟು ತಿಂಗಳಾಗಿತ್ತು. ಕರೆಂಟು ಬಂದ ಮೇಲೆ, ಎಂಟ್ರಿ ಉಳಿದಿರಲಾರದು ಎಂದುಕೊಂಡು ಇನ್ನೊಮ್ಮೆ ಹಾಕಿದೆ. ಉಳಿದಿದೆಯೋ ಇಲ್ಲವೋ ಎಂದು ಹಿಂದಿನ ಪುಟ ತೆರೆದು ನೋಡಲು ಅರ್ಧ ನಿಮಿಷ ಸಾಕಾಗಿತ್ತು. ನೋಡಲಿಲ್ಲ.

ಆ ತಿಂಗಳ ಕೊನೆಯಲ್ಲಿ ಚಿಕ್ಕಜಾಲದ ಗೋಡೌನಿಗೆ ವಿಮೆ ಮಾಡಿಸಬೇಕಿತ್ತು. ಹಾಗಾಗಿ ಮೊದಲು ಅಲ್ಲಿ ಎಣಿಸಿದೆವು. ಲೆಕ್ಕಕ್ಕಿಂತ ಇಪ್ಪತ್ತು ಮೋಟಾರು ಕಡಿಮೆ ಬಂದವು. ಮಾಲೀಕರು ಮತ್ತೆ ಎಣಿಸಿ ಎಂದರು. ಮತ್ತೆ ಎಣಿಸಿದರೂ ಅಷ್ಟೇ. ಆಗ ನಾವು ಮೋಟಾರಿನ ಮೇಲಿನ ನಂಬರು ಬರೆದಿಡುತ್ತಿರಲಿಲ್ಲ, ಬರೀ ಸಂಖ್ಯೆಯ ಲೆಕ್ಕ.

ಬಸವರಾಜ ತನ್ನ ನೋಟ್‌ಬುಕ್ಕನ್ನು ಆಫೀಸಿಗೆ ತಂದು ನನ್ನ ಮುಂದೆ ಬಿಡಿಸಿದ. "ಅಕ್ಕಾರ, ಕಂಪ್ಯೂಟರ್ ಏನರ ಹೇಳ್ಲಿ. ಆ ದಿನ ಬಂದಿದ್ದು ಒಂದ ಲೋಡು. ನೋಡ್ರಿ, ಮುನಿರಾಜಣ್ಣನ ಸಹಿನೂ ಐತಿ."

ಮಾಲೀಕರು ನನ್ನ ಕಡೆ ನೋಡಿದರು. ನನ್ನ ಪ್ರಿಂಟಿನಲ್ಲಿ ಎರಡು ವರ್ಗಾವಣೆ ಇದ್ದವು, ಒಂದರ ಕೆಳಗೊಂದು. ಎರಡೂ ನನ್ನ ಕೈಯಿಂದ ಬಂದವು. ಒಂದೇ ದಿನ ಎರಡು ಲೋಡು ಹೋಗುವುದು ನಮ್ಮಲ್ಲಿ ಅಪರೂಪವೇನಲ್ಲ, ನನಗೆ ಅನುಮಾನ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ ಬರಗೊಡಲಿಲ್ಲ ಎಂದರೆ ಸರಿ. "ನೋಟ್‌ಬುಕ್ಕಲ್ಲಿ ಯಾರ್ ಏನ್ ಬೇಕಾದ್ರೂ ಬರೀಬಹುದು ಸಾರ್" ಎಂದೆ. "ನನ್ನ ಲೆಕ್ಕದಲ್ಲಿ ತಪ್ಪಿಲ್ಲ."

ಮುನಿರಾಜುವನ್ನು ಕರೆಸಿದರು. ವಾರಕ್ಕೆ ನಾಲ್ಕೈದು ಸಲ ಓಡಾಡುವವನಿಗೆ ಮೂರು ವಾರದ ಹಿಂದಿನ ಒಂದು ದಿನ ಎಷ್ಟು ಲೋಡು ಹಾಕಿದೆ ಎಂದರೆ ಹೇಗೆ ನೆನಪಿರಬೇಕು? ಒಂದೋ ಎರಡೋ ಗೊತ್ತಿಲ್ಲ, ಸುಳ್ಳು ಯಾಕೆ ಹೇಳಲಿ ಎಂದ. ಅವನು ಹೇಳಿದ್ದು ನಿಜವೇ. ಆದರೆ ಬಸವರಾಜನ ಮುಖ ಆ ಮಾತಿಗೆ ಕಪ್ಪಿಟ್ಟಿತು.

ಪೊಲೀಸಿಗೆ ಕೊಡುವುದಿಲ್ಲ, ನಾಳೆಯಿಂದ ಬರಬೇಡ ಎಂದು ಮಾಲೀಕರು ಬಸವರಾಜನಿಗೆ ಹೇಳಿದರು. ಅದನ್ನು ದೊಡ್ಡ ಮನಸ್ಸು ಎಂದು ನಾವೆಲ್ಲ ಆಡಿಕೊಂಡೆವು. ಅವನು ಬೀಗದ ಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಹೋದ. ಪಂಪಿನ ವ್ಯಾಪಾರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗೋಡೌನಿನ ಬೀಗದ ಕೈ ಅವನಿಗೆ ಮತ್ತೆ ಯಾರೂ ಕೊಡಲಿಲ್ಲ.

ಹದಿನೈದು ದಿನದ ನಂತರ ಯಶವಂತಪುರದ ಗೋಡೌನು ಎಣಿಸುವ ಸರದಿ. ಹಮಾಲರು ಊಟಕ್ಕೆ ಹೋಗಿದ್ದರು. ಸೀಮೆಸುಣ್ಣ ಹಿಡಿದು ಪೆಟ್ಟಿಗೆಗಳ ಮೇಲೆ ಗುರುತು ಹಾಕುತ್ತಾ ನಾನೊಬ್ಬಳೇ ಹೋಗುತ್ತಿದ್ದೆ. ಪೈಪಿನ ಕಟ್ಟುಗಳ ಹಿಂದಿನ ಸಾಲು ಮುಗಿದಾಗ ಕೈಯಲ್ಲಿದ್ದ ಹಾಳೆಗಿಂತ ಮೋಟಾರುಗಳು ಇಪ್ಪತ್ತು ಹೆಚ್ಚಿದ್ದವು. ಒಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಆ ಕ್ಷಣವೇ ಎಲ್ಲ ಗೊತ್ತಾಯಿತು. ಕರೆಂಟು ಹೋದದ್ದು, ಬಂದದ್ದು, ನಾನು ಮತ್ತೆ ಒತ್ತಿದ್ದು. ಎರಡನೆಯ ಲೋಡು ಹೋಗಿಯೇ ಇರಲಿಲ್ಲ. ಕಳುವಾದ ಮೋಟಾರುಗಳು ನನ್ನ ಕೆಳಗೇ ಇದ್ದವು.

ಒಳಗೆ ಹೋಗಿ ಕಂಪ್ಯೂಟರು ತೆರೆದೆ. ಎರಡನೆಯ ಎಂಟ್ರಿಯನ್ನು ಅಳಿಸಿದ್ದರೆ ಎರಡೂ ಗೋಡೌನಿನ ಲೆಕ್ಕ ಒಟ್ಟಿಗೆ ಸರಿಹೋಗುತ್ತಿತ್ತು. ಆದರೆ ಅಳಿಸಿದೆ ಎಂದು ಮಾಲೀಕರಿಗೆ ಹೇಳಬೇಕಿತ್ತು. ನಾನು ಅದರ ಬದಲು ಹೊಸದೊಂದು ಎಂಟ್ರಿ ಹಾಕಿದೆ: ಕೆಟ್ಟ ಮೋಟಾರುಗಳಿಗೆ ಬದಲಾಗಿ ಕಂಪನಿಯಿಂದ ಬಂದದ್ದು, ಇಪ್ಪತ್ತು, ಯಶವಂತಪುರ. ಪರದೆಯ ಮೇಲಿನ ಸಂಖ್ಯೆಯೂ ಗೋಡೌನಿನ ಸಂಖ್ಯೆಯೂ ಒಂದಾದವು. ಚಿಕ್ಕಜಾಲದ ಇಪ್ಪತ್ತು ಕಳುವಿನ ಲೆಕ್ಕದಲ್ಲೇ ಉಳಿದವು.

ಮನೆಯಲ್ಲಿ ಕಷ್ಟವಿತ್ತು, ಕೆಲಸ ಹೋದರೆ ಬೀದಿಗೆ ಬೀಳುತ್ತಿದ್ದೆ ಎಂದು ಬರೆಯಬಹುದು. ಓದುವವರು ಒಪ್ಪಿಯೂ ಬಿಡುತ್ತಾರೆ. ಹಾಗೇನೂ ಇರಲಿಲ್ಲ. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಸಂಜಯನಗರದಲ್ಲಿ ಸ್ವಂತ ಮನೆ. ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯುತ್ತಲೂ ಇರಲಿಲ್ಲ, ಒಂದು ದಿನ ರೇಗಿ ಸುಮ್ಮನಾಗುತ್ತಿದ್ದರು. ನಾನು ಹೆದರಿದ್ದು ಲಲಿತಮ್ಮನ ಲೆಕ್ಕ ಎಂಬ ಮಾತು ಹೋಗುತ್ತದೆಂದು. ಅಷ್ಟಕ್ಕೇ.

ಇದಾದ ಒಂದು ವಾರಕ್ಕೆ ಬಸವರಾಜ ಆಫೀಸಿಗೆ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆಸಿದ. ಗಡ್ಡ ಬಿಟ್ಟಿದ್ದ. "ಅಕ್ಕಾರ, ಇಲ್ಲೀ ಗೋಡೌನ್ ಎಣಿಸಿದ್ರಂತ. ಅದರಾಗ ಏನರ ಹೆಚ್ಚಿಗಿ ಬಂತೇನ್ರಿ?"

ಅವನಿಗೆ ಕಂಪ್ಯೂಟರು ಬರುತ್ತಿರಲಿಲ್ಲ. ಆದರೂ ಎಲ್ಲಿ ಹುಡುಕಬೇಕೆಂದು ಅವನೊಬ್ಬನಿಗೇ ಹೊಳೆದಿತ್ತು.

"ಇಲ್ಲಪ್ಪ" ಎಂದೆ. "ಎಲ್ಲಾ ಸರಿಯಾಗಿದೆ."

ಅವನು ತಲೆಯಾಡಿಸಿದ. ನಿಮಗ ತ್ರಾಸ ಕೊಟ್ಟೆ ಎಂದು ಹೇಳಿ ಹೋದ. ನಲವತ್ತು ವರ್ಷಗಳ ಹತ್ತಿರ ಕೆಲಸ ಮಾಡಿದ್ದೇನೆ, ಎಷ್ಟೋ ತಪ್ಪು ಮಾಡಿದ್ದೇನೆ. ಎಂಟ್ರಿ ಎರಡು ಸಲ ಬಿದ್ದದ್ದು ತಪ್ಪು. ಈ ಇಲ್ಲಪ್ಪ ಎನ್ನುವುದು ತಪ್ಪಲ್ಲ, ಬೇರೆ. ಅದಕ್ಕೆ ನಾನು ಬೇರೆ ಹೆಸರು ಹುಡುಕುತ್ತಾ ಕೂರುವುದಿಲ್ಲ.

ಆಮೇಲೆ ಪದ್ಧತಿಗಳು ಬದಲಾದವು. ಯುಪಿಎಸ್ಸು ಹೊಸದಾಯಿತು. ಮೋಟಾರಿನ ನಂಬರು ಬರೆಯತೊಡಗಿದೆವು, ಹಾಗೆ ಮಾಡಬೇಕೆಂದು ಹಟ ಹಿಡಿದವಳು ನಾನೇ. ಮೂರು ಗೋಡೌನನ್ನೂ ಒಂದೇ ದಿನ ಎಣಿಸಬೇಕೆಂದು ನಿಯಮ ಮಾಡಿಸಿದೆ. ಮಾಲೀಕರು ಮುಂದಾಲೋಚನೆ ಎಂದು ಮೆಚ್ಚಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಹಳೆಯ ಸರಕಿನ ಲೆಕ್ಕವನ್ನೆಲ್ಲ ಕೆದಕಬೇಕಾಯಿತು. ಆಡಿಟರ ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಆ ಹಳೆಯ ಎಂಟ್ರಿಯ ಮೇಲೆ ಬೆರಳಿಟ್ಟು, "ಮೇಡಂ, ಇಪ್ಪತ್ ಮೋಟರ್ ರಿಪ್ಲೇಸ್‌ಮೆಂಟ್ ಅಂತಿದೆ, ಕಂಪನಿ ಪೇಪರೇ ಇಲ್ವಲ್ಲ?" ಎಂದು ಕೇಳಿದಳು. ಹಳೇ ಕಾಗದ, ಗೋಡೌನು ಸೋರಿದಾಗ ಹಾಳಾಯಿತು ಎಂದೆ. ಅವಳು ಹಾಗೆಯೇ ಬರೆದುಕೊಂಡಳು. ಅಲ್ಲಿಗೆ ಎರಡು ಸಲ ಸುಳ್ಳು ಹೇಳಿದಂತಾಯಿತು.

2019ರಲ್ಲಿ ನಿವೃತ್ತಳಾದೆ. ಆಫೀಸಿನಲ್ಲೇ ಸಣ್ಣ ಸಮಾರಂಭ ಮಾಡಿ ಶಾಲು ಹೊದಿಸಿದರು. ಮಾಲೀಕರು ಮಾತಾಡುತ್ತಾ, ಲಲಿತಮ್ಮನವರ ಕೈಯಲ್ಲಿ ಒಂದು ಮೋಟಾರೂ ಆಚೀಚೆ ಆಗಿಲ್ಲ ಎಂದರು. ಚಪ್ಪಾಳೆ ಬಿತ್ತು. ಏಳು ವರ್ಷ ಅದನ್ನು ಹೇಗೋ ನುಂಗಿಕೊಂಡಿದ್ದವಳಿಗೆ ಆ ಒಂದು ವಾಕ್ಯ ನುಂಗಲಾಗಲಿಲ್ಲ.

ಎಲ್ಲರೂ ಹೋದ ಮೇಲೆ ಮಾಲೀಕರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಬೇರೆ ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಬಿಟ್ಬಿಡಿ ಲಲಿತಮ್ಮ. ಆಗಿದ್ದಾಗೋಯ್ತು. ಅವನೂ ಎಲ್ಲೋ ನೆಮ್ಮದಿಯಾಗಿ ಇರ್ತಾನೆ" ಎಂದರು. ಅವರು ಬೈದಿದ್ದರೆ ಬಹುಶಃ ನನಗೆ ಸಮಾಧಾನವಾಗಿ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಬೈಯದೆ ಇದ್ದುದರಿಂದ ಮುಂದಕ್ಕೆ ಹೋಗಬೇಕಾಯಿತು.

ಯಶವಂತಪುರದ ಹಮಾಲರಲ್ಲಿ ಬಾಗಲಕೋಟೆ ಕಡೆಯವರು ಕೆಲವರಿದ್ದರು. ಅವರನ್ನು ಕೇಳಿದಾಗ ಬಸವರಾಜ ಹೆಸರಘಟ್ಟದಲ್ಲಿ ಪಶು ಆಹಾರದ ಅಂಗಡಿಯೊಂದರಲ್ಲಿ ಇದ್ದಾನೆ ಎಂದು ತಿಳಿಯಿತು. ಬಸ್ಸು ಹಿಡಿದು ಹೋದೆ. ಹಿಂಡಿಯ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಗಾಡಿಗೆ ಹಾಕುತ್ತಿದ್ದ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿದು, ಅಂಗಡಿಯ ಸ್ಟೂಲನ್ನು ಒರೆಸಿ ಕೊಟ್ಟ. ಅದರ ಮೇಲೆ ಕೂತು ಹೇಳುವ ಧೈರ್ಯವಾಗಲಿಲ್ಲ. ನಿಂತೇ ಹೇಳಿದೆ.

ಅವನು ಕೋಪ ಮಾಡಿಕೊಳ್ಳುತ್ತಾನೆಂದು ಸಿದ್ಧಳಾಗಿ ಬಂದಿದ್ದೆ. ಅವನು ಚೀಲದ ಮೇಲೆ ಕೂತುಬಿಟ್ಟ. ನೆಲ ನೋಡುತ್ತಲೇ, "ನಾನು ಮುನಿರಾಜಣ್ಣ ಅಂದ್ಕೊಂಡಿದ್ನಲ್ರಿ" ಎಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕಂಪ್ಯೂಟರಿನಲ್ಲಿ ಎರಡು ಲೋಡು ಹೋಗಿದೆ, ತನಗೆ ಬಂದದ್ದು ಒಂದು. ನಾನು ಯಶವಂತಪುರದಲ್ಲೂ ಎಲ್ಲ ಸರಿಯಾಗಿದೆ ಎಂದಿದ್ದೆ. ಹಾಗಾದರೆ ಇನ್ನೊಂದು ಲೋಡು ದಾರಿಯಲ್ಲೇ ಇಳಿದಿರಬೇಕು, ದಾರಿಯಲ್ಲಿದ್ದವನು ಮುನಿರಾಜು ಒಬ್ಬನೇ. ಸಹಿ ಹಾಕಿದವನೇ ಮಾಲೀಕರ ಮುಂದೆ ನೆನಪಿಲ್ಲ ಎಂದಿದ್ದ. ನನ್ನನ್ನು ಕೇಳಿಹೋದ ದಿನವೇ ಬಸವರಾಜ ಚಿಕ್ಕಜಾಲಕ್ಕೆ ಹೋಗಿ, ಬೀದಿಯ ಜನರೆದುರು, ಮುನಿರಾಜುವಿನ ಹೆಂಡತಿ ಮಕ್ಕಳೆದುರು ಅವನನ್ನು ಕಳ್ಳ ಎಂದು ಕೂಗಿದ್ದ. ಮಾರನೆಯ ದಿನ ಕೋಣೆ ಖಾಲಿ ಮಾಡಿದ. ಊರಿನಲ್ಲಿ ಆ ಮಾತು ಉಳಿದುಬಿಟ್ಟಿತು. ಟೆಂಪೋಗೆ ಬಾಡಿಗೆ ಕರೆಯುವವರು ಕಡಿಮೆಯಾದರು, ಮುನಿರಾಜು ಟೆಂಪೋ ಮಾರಿದನಂತೆ. ಬಸವರಾಜನ ಹೆಂಡತಿ ಮಾತ್ರ, ಆ ಮನೆಯವರು ಅಂಥವರಲ್ಲ ಎಂದು ಇವತ್ತಿಗೂ ಜಗಳವಾಡುತ್ತಾಳಂತೆ.

ನಾನು ಕೈ ಮುಗಿದೆ. ಏನು ಬೇಕಾದರೂ ಮಾಡುತ್ತೇನೆ, ಮಾಲೀಕರ ಹತ್ತಿರ ಮಾತಾಡುತ್ತೇನೆ ಎಂದೆ. ಅವನು ತಲೆಯೆತ್ತಿದ. "ನನಗೇನ್ ಬ್ಯಾಡ್ರಿ. ನನ್ ಜೋಡಿ ಚಿಕ್ಕಜಾಲಕ್ಕ ಬರ್ರಿ. ನನಗ ಹೇಳಿದ್ದನ್ನ ಅಲ್ಲಿ ಹೇಳ್ರಿ. ನಾ ಒಬ್ಬನ ಹೋಗಿ ಹೇಳಿದ್ರ ಯಾವ ಬಾಯಿಲೆ ಹೇಳ್ಲಿ?"

ಮುಂದಿನ ಭಾನುವಾರ ಯಲಹಂಕದ ಬಸ್ ಸ್ಟ್ಯಾಂಡಿನಲ್ಲಿ ಕೂಡಿಕೊಂಡು ಚಿಕ್ಕಜಾಲಕ್ಕೆ ಹೋದೆವು. ಬಸ್ಸಿನಲ್ಲಿ ಬಸವರಾಜ ಹಿಂದಿನ ಸೀಟಿನಲ್ಲಿ ಕೂತ. ಊರ ಬೀದಿಗೆ ಬರುತ್ತಿದ್ದಂತೆ ಅವನ ನಡಿಗೆ ನಿಧಾನವಾಯಿತು.

ಮುನಿರಾಜು ಜಗಲಿಯ ಮೇಲೆ ಕೂತು ಹುರುಳಿಕಾಳು ಹಸನು ಮಾಡುತ್ತಿದ್ದ. ಬಸವರಾಜನನ್ನು ನೋಡಿ ಮೊರ ಕೆಳಗಿಟ್ಟ, ಏಳಲಿಲ್ಲ. ನಾನು ಜಗಲಿಯ ಕೆಳಗೆ ನಿಂತು ಹೇಳತೊಡಗಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ದನಿ ತಗ್ಗಿಸಬೇಕೆನ್ನಿಸಿತು. ಈ ಬೀದಿಯಲ್ಲಿ ಕೂಗಿ ಆಡಿದ ಮಾತನ್ನು ಪಿಸುಗುಟ್ಟಿ ಅಳಿಸಲಾಗದು ಎಂದು ಹೊಳೆದು ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಕರೆಂಟು ಹೋದದ್ದು, ಎರಡು ಸಲ ಬರೆದದ್ದು, ಮೋಟಾರು ಸಿಕ್ಕಿದ್ದು, ಸಿಕ್ಕಿದ ಮೇಲೂ ಇಲ್ಲ ಎಂದದ್ದು. ಕಳ್ಳತನ ಆಗಿಯೇ ಇಲ್ಲ, ಇವರಿಬ್ಬರಲ್ಲಿ ಯಾರೂ ಕದ್ದಿಲ್ಲ ಎಂದೆ.

ಮುನಿರಾಜು ಒಂದು ಪ್ರಶ್ನೆ ಕೇಳಿದ. "ಎಷ್ಟ್ ದಿನಕ್ ಗೊತ್ತಾಯ್ತು ನಿಮ್ಗೆ?"

ಹದಿನೈದು ದಿನಕ್ಕೆ ಎಂದೆ.

"ಅದಿನೈದ್ ದಿನ" ಎಂದ. ಬೆರಳಲ್ಲಿ ಕಾಳುಗಳನ್ನು ಒಂದು ಸುತ್ತು ತಿರುವಿದ. ಬಸವರಾಜ ಬಾಗಿ ಅವನ ಕಾಲು ಹಿಡಿಯಲು ಹೋದ. ಮುನಿರಾಜು ಅವನ ರಟ್ಟೆ ಹಿಡಿದು ಮೇಲೆತ್ತಿ, "ಬಿಸ್ಲಾಗ್ ಯಾಕ್ ನಿಂತಿದ್ದೀಯ, ಒಳೀಕ್ ನಡಿ. ನಿಮ್ಮತ್ಗೆ ಏಳ್ ವರ್ಷದಿಂದ ನಿನ್ನೇ ಬೈಕೊಂಡ್ ಕೂತವಳೆ, ಓಗಿ ಮಾತಾಡ್ಸು" ಎಂದ. ಬಸವರಾಜ ಒಂದು ಸಲ ನನ್ನ ಕಡೆ ತಿರುಗಿ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದ. ಒಳಗಿನಿಂದ ಹೆಂಗಸೊಬ್ಬಳು ಅಳುವ ದನಿ, ಅದರೊಂದಿಗೇ ಬೈಗುಳ ಕೇಳಿಸಿತು.

ನಾನು ನಿಂತೇ ಇದ್ದೆ. ಮುನಿರಾಜು ಎದ್ದು ಪಂಚೆ ಕೊಡವಿಕೊಂಡ. ನನ್ನ ಮುಖ ನೋಡಿ ಗಟ್ಟಿಯಾಗಿಯೂ ಅಲ್ಲದೆ, ಮೆತ್ತಗೂ ಅಲ್ಲದೆ, "ನೀವ್ ಓಗ್ಬುಟ್ ಬನ್ನಿ ಅಮ್ಮಾವ್ರೆ" ಎಂದ.

ಹೋಗಿ ಬನ್ನಿ ಎಂದರೆ ನಮ್ಮಲ್ಲಿ ಮತ್ತೆ ಬನ್ನಿ ಎಂದೂ ಅರ್ಥ. ಅವನು ಹೇಳಿದ್ದರಲ್ಲಿ ಆ ಅರ್ಥ ಇರಲಿಲ್ಲ, ಇರಬೇಕೆಂದು ನಾನೂ ಬಯಸಲಿಲ್ಲ. ಅವನು ಒಳಗೆ ಹೋಗಿ ಬಾಗಿಲನ್ನು ಮುಂದಕ್ಕೆ ಮಾಡಿಕೊಂಡ. ಪಕ್ಕದ ಮನೆಯವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಅವರ ನಡುವೆಯೇ ನಡೆದು ಬಸ್ಸಿನ ರಸ್ತೆಗೆ ಬಂದೆ.